ಅನಿಲಗಳ ಚಲನ ಸಿದ್ಧಾಂತವನ್ನು ಒಂದು ಘನ ಮೀಟರ್ ಗಾಳಿಯಿಂದ ಕಲಿಯುವ ಕ್ರಮ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕಾರವಾರ, ಕುಮಟಾ, ಹೊನ್ನಾವರ, ಶಿರಸಿಗಳ ಕಾಲೇಜುಗಳಲ್ಲಿ ವಿಜ್ಞಾನ ವಿಭಾಗಕ್ಕೆ ಸೇರುವ ವಿದ್ಯಾರ್ಥಿಗಳಲ್ಲಿ ಹಲವರು, ಅನಿಲದ ಒತ್ತಡ, ತಾಪಮಾನಗಳನ್ನು ಅಣುಗಳ ಓಡಾಟದಿಂದ ವಿವರಿಸುವ ಅನಿಲಗಳ ಚಲನ ಸಿದ್ಧಾಂತದ ಪಾಠ ಬಂದಾಗ ಸೂತ್ರಗಳನ್ನು ಬಾಯಿಪಾಠ ಮಾಡಿ ಲೆಕ್ಕದಲ್ಲಿ ಕೊಟ್ಟ ಸಂಖ್ಯೆಗಳನ್ನು ಅವುಗಳಲ್ಲಿ ತುಂಬುವ ದಾರಿ ಹಿಡಿಯುತ್ತಾರೆ. ನೇರ ಪ್ರಶ್ನೆಗೆ ಅಷ್ಟು ಸಾಕಾಗುತ್ತದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಕೈ ನಿಲ್ಲುತ್ತದೆ. ನಿಜಕ್ಕೂ ಈ ಪಾಠದಲ್ಲಿ ನೆನಪಿಡಬೇಕಾದದ್ದು ಬಹಳ ಕಡಿಮೆ. ಒಂದು ಅಣು ಒಂದು ಗೋಡೆಗೆ ಬಡಿದು ಹಿಂದಿರುಗುವುದನ್ನು ಸರಿಯಾಗಿ ಲೆಕ್ಕ ಹಾಕಬಲ್ಲವರಿಗೆ ಉಳಿದ ಬಹುಪಾಲು ವಿಷಯ ಅಲ್ಲಿಂದಲೇ ಹೊರಡುತ್ತದೆ. ಆದ್ದರಿಂದ ಇಲ್ಲಿ ಅಕ್ಷರಗಳ ಸೂತ್ರವನ್ನು ಬದಿಗಿಟ್ಟು, ಮೊದಲು ಸಂಖ್ಯೆಗಳಲ್ಲಿಯೇ ನಡೆಯುವ ಕ್ರಮವನ್ನು ವಿವರಿಸಿದ್ದೇನೆ. ಕಾಗದ, ಪೆನ್ನು, ಕ್ಯಾಲ್ಕ್ಯುಲೇಟರ್ ಹಿಡಿದು ಕುಳಿತು, ಪ್ರತಿ ಸಂಖ್ಯೆಯನ್ನೂ ನೀವೇ ತೆಗೆದು ನೋಡುತ್ತ ಓದಬೇಕು.

ಪೆಟ್ಟಿಗೆಯನ್ನು ಸಿದ್ಧಪಡಿಸುವುದು

ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಒಂದು ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಿ. ಅದರೊಳಗಿನ ತಾಪಮಾನ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್ ಎಂದಿರಲಿ. ನಮ್ಮ ಕರಾವಳಿಯಲ್ಲಿ ವರ್ಷದ ಬಹುಭಾಗ ಇದರ ಆಸುಪಾಸಿನಲ್ಲಿಯೇ ಇರುತ್ತೇವೆ. ಒತ್ತಡ ಒಂದು ವಾಯುಮಂಡಲದ್ದು, ಅಂದರೆ 1.013 × 10⁵ ಪ್ಯಾಸ್ಕಲ್. ಗಾಳಿಯ ಐದರಲ್ಲಿ ಸುಮಾರು ನಾಲ್ಕು ಭಾಗ ಸಾರಜನಕವಾಗಿರುವುದರಿಂದ, ಲೆಕ್ಕ ಸರಳವಾಗಲೆಂದು ಪೆಟ್ಟಿಗೆಯಲ್ಲಿ ಸಾರಜನಕ ಮಾತ್ರ ಇದೆ ಎಂದುಕೊಳ್ಳೋಣ.

ಇದರೊಳಗೆ ಎಷ್ಟು ಅಣುಗಳಿವೆ? ಒತ್ತಡವನ್ನು ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು ತಾಪಮಾನಗಳ ಗುಣಲಬ್ಧದಿಂದ ಭಾಗಿಸಿದರೆ ಒಂದು ಘನ ಮೀಟರಿನಲ್ಲಿರುವ ಅಣುಗಳ ಸಂಖ್ಯೆ ಸಿಗುತ್ತದೆ. ಬೋಲ್ಟ್ಸ್‌ಮನ್ ಸ್ಥಿರಾಂಕ ಪ್ರತಿ ಕೆಲ್ವಿನ್‌ಗೆ 1.38 × 10⁻²³ ಜೂಲ್. 300ರಿಂದ ಗುಣಿಸಿದಾಗ 4.14 × 10⁻²¹. ಭಾಗಿಸಿದಾಗ ಬರುವ ಉತ್ತರ 2.45 × 10²⁵. ಇಷ್ಟು ಅಣುಗಳಿದ್ದರೂ ಪೆಟ್ಟಿಗೆ ಬಹುತೇಕ ಖಾಲಿಯೇ ಆಗಿರುತ್ತದೆ. ಪಕ್ಕಪಕ್ಕದ ಅಣುಗಳ ನಡುವಿನ ಸರಾಸರಿ ಅಂತರ ಸುಮಾರು 3.4 ನ್ಯಾನೋಮೀಟರ್, ಒಂದು ಅಣುವಿನ ವ್ಯಾಸವಾದರೋ ಸುಮಾರು 0.37 ನ್ಯಾನೋಮೀಟರ್. ಅಣುಗಳು ಸ್ವತಃ ಆಕ್ರಮಿಸುವ ಜಾಗ ಒಟ್ಟು ಗಾತ್ರದ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ‘ಅಣುಗಳ ಗಾತ್ರವನ್ನು ಕಡೆಗಣಿಸಬಹುದು’ ಎಂದು ಪಠ್ಯದಲ್ಲಿ ಬರುವ ಊಹೆಗೆ ಈ ಸಂಖ್ಯೆಗಳೇ ಆಧಾರ.

ಉಳಿದ ಊಹೆಗಳನ್ನೂ ಹೀಗೆಯೇ, ಅವು ಎಲ್ಲಿ ಉಪಯೋಗಕ್ಕೆ ಬರುತ್ತವೆ ಎಂಬುದರ ಜೊತೆಗೆ ಬರೆದಿಟ್ಟುಕೊಳ್ಳಿ. ಡಿಕ್ಕಿಗಳು ಸಂಪೂರ್ಣ ಸ್ಥಿತಿಸ್ಥಾಪಕ, ಅಂದರೆ ಅವುಗಳಲ್ಲಿ ಚಲನ ಶಕ್ತಿ ನಷ್ಟವಾಗುವುದಿಲ್ಲ, ಎಂಬ ಊಹೆ ಇರುವುದರಿಂದಲೇ ಗೋಡೆಗೆ ಬಡಿದ ಅಣು ಅದೇ ಜವದಲ್ಲಿ (ದಿಕ್ಕನ್ನು ಬಿಟ್ಟು ವೇಗದ ಪ್ರಮಾಣ ಮಾತ್ರ) ಹಿಂದಿರುಗುತ್ತದೆ ಎನ್ನಬಹುದು. ಡಿಕ್ಕಿಯಿಲ್ಲದ ಹೊತ್ತಿನಲ್ಲಿ ಅಣುಗಳ ಮೇಲೆ ಯಾವ ಬಲವೂ ಇಲ್ಲ ಎಂಬ ಊಹೆಯಿಂದ ಅಣು ಒಂದು ಗೋಡೆಯಿಂದ ಇನ್ನೊಂದಕ್ಕೆ ನೇರವಾಗಿ, ಏಕರೂಪದ ವೇಗದಲ್ಲಿ ಹೋಗುತ್ತದೆ. ಎಲ್ಲ ದಿಕ್ಕುಗಳೂ ಸಮಾನ ಎಂಬ ಊಹೆಯಿಂದ ಮುಂದೆ ಸಿಗುವ ಸೂತ್ರದಲ್ಲಿ ಮೂರನೆಯ ಒಂದು ಎಂಬ ಭಾಗ ಬರುತ್ತದೆ. ಊಹೆಗಳನ್ನು ಪಟ್ಟಿಯಾಗಿ ಒಪ್ಪಿಸುವ ವಿದ್ಯಾರ್ಥಿಗೆ ಅಂಕ ಸಿಗಬಹುದು, ಆದರೆ ಯಾವ ಊಹೆ ಯಾವ ಸಾಲಿಗೆ ಬೇಕೆಂದು ತಿಳಿದವರಿಗೆ ಮಾತ್ರ ನಿಜವಾದ ಅನಿಲ ಎಲ್ಲಿ ದಾರಿ ತಪ್ಪುತ್ತದೆ ಎಂಬುದು ಮುಂದೆ ಅರ್ಥವಾಗುತ್ತದೆ.

ಒಂದು ಅಣು, ಒಂದು ಗೋಡೆ

ಈಗ ಪೆಟ್ಟಿಗೆಯಲ್ಲಿ ಒಂದೇ ಒಂದು ಅಣುವನ್ನು ಇಟ್ಟುಕೊಂಡು, ಅದು ಪೂರ್ವದ ಗೋಡೆಯ ಕಡೆಗೆ ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಈ 300 ಎಲ್ಲಿಂದ ಬಂತೆಂಬುದನ್ನು ಸ್ವಲ್ಪ ಹೊತ್ತಿನಲ್ಲಿಯೇ ನೋಡೋಣ. ಸಾರಜನಕದ ಒಂದು ಮೋಲ್, ಅಂದರೆ 6.022 × 10²³ ಅಣುಗಳು, 28 ಗ್ರಾಂ ತೂಗುತ್ತದೆ. ಅದನ್ನು ಕಿಲೋಗ್ರಾಂಗೆ ಬದಲಿಸಿ 6.022 × 10²³ರಿಂದ ಭಾಗಿಸಿದರೆ ಒಂದು ಅಣುವಿನ ದ್ರವ್ಯರಾಶಿ 4.65 × 10⁻²⁶ ಕಿಲೋಗ್ರಾಂ ಎಂದು ಸಿಗುತ್ತದೆ.

ಅಣು ಗೋಡೆಗೆ ಬಡಿದು ಅದೇ ಜವದಲ್ಲಿ ಹಿಂದಿರುಗಿದಾಗ ಅದರ ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ, ಎಷ್ಟು ಬದಲಾಗುತ್ತದೆ? ಜವ ಬದಲಾಗದಿರುವುದರಿಂದ ಬದಲಾವಣೆ ಸೊನ್ನೆ ಎಂದು ಬರೆಯುವವರಿದ್ದಾರೆ. ಇಲ್ಲಿ ನಿಂತು ಯೋಚಿಸಬೇಕು. ಸಂವೇಗಕ್ಕೆ ದಿಕ್ಕಿದೆ. ಪೂರ್ವಕ್ಕೆ ಧನ 300 ಇದ್ದದ್ದು ಪಶ್ಚಿಮಕ್ಕೆ ಋಣ 300 ಆದಾಗ ವ್ಯತ್ಯಾಸ 600. ಆದ್ದರಿಂದ ಒಂದು ಡಿಕ್ಕಿಯಲ್ಲಿ ಗೋಡೆಗೆ ಸಿಗುವ ಸಂವೇಗ 2 × 4.65 × 10⁻²⁶ × 300, ಅಂದರೆ ಎಸ್‌ಐ ಮಾನದಲ್ಲಿ 2.79 × 10⁻²³. ಅದೇ ಗೋಡೆಗೆ ಮತ್ತೆ ಬಡಿಯಬೇಕಾದರೆ ಅಣು ಎದುರಿನ ಗೋಡೆಗೆ ಹೋಗಿ ಮರಳಬೇಕು. ದಾರಿ 2 ಮೀಟರ್. ಸೆಕೆಂಡಿಗೆ 300 ಮೀಟರ್ ಹೋಗುವ ಅಣು ಆ ದಾರಿಯನ್ನು ಸೆಕೆಂಡಿಗೆ 150 ಬಾರಿ ಮುಗಿಸುತ್ತದೆ. ಬಲವೆಂದರೆ ಒಂದು ಸೆಕೆಂಡಿನಲ್ಲಿ ಆಗುವ ಸಂವೇಗದ ಬದಲಾವಣೆ. ಹಾಗಾಗಿ ಒಂದು ಅಣುವಿನಿಂದ ಗೋಡೆಯ ಮೇಲೆ ಬೀಳುವ ಸರಾಸರಿ ಬಲ 2.79 × 10⁻²³ × 150, ಅಂದರೆ 4.19 × 10⁻²¹ ನ್ಯೂಟನ್.

ಈ ಬಲ ಊಹೆಗೂ ನಿಲುಕದಷ್ಟು ಚಿಕ್ಕದು. ಆದರೆ ಇದನ್ನು ಅಣುಗಳ ಸಂಖ್ಯೆಯಾದ 2.45 × 10²⁵ರಿಂದ ಗುಣಿಸಿ ನೋಡಿ: 1.03 × 10⁵ ನ್ಯೂಟನ್. ಗೋಡೆಯ ವಿಸ್ತೀರ್ಣ ಒಂದು ಚದರ ಮೀಟರ್ ಆಗಿರುವುದರಿಂದ ಒತ್ತಡವೂ ಅಷ್ಟೇ ಪ್ಯಾಸ್ಕಲ್, ಅಂದರೆ ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡವೇ. 1.013ಕ್ಕೂ 1.03ಕ್ಕೂ ಇರುವ ಸಣ್ಣ ಅಂತರ ವೇಗವನ್ನು 300ಕ್ಕೆ ದುಂಡು ಮಾಡಿದ್ದರಿಂದ ಬಂದದ್ದು. ಹತ್ತು ಟನ್ ಭಾರಕ್ಕೆ ಸಮನಾದ ಬಲವೊಂದು ಕಣ್ಣಿಗೆ ಕಾಣದ ಡಿಕ್ಕಿಗಳಿಂದ ಕೂಡಿ ಬರುವುದನ್ನು ಪ್ರತಿ ವಿದ್ಯಾರ್ಥಿಯೂ ತನ್ನ ಕೈಯಾರೆ ಒಮ್ಮೆಯಾದರೂ ಲೆಕ್ಕ ಹಾಕಿ ಕಾಣಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಸಂಖ್ಯೆಗಳ ಜಾಗದಲ್ಲಿ ಈಗ ಹೆಸರುಗಳನ್ನಿಡಿ. ವೇಗವು ಈ ಲೆಕ್ಕದಲ್ಲಿ ಎರಡು ಬಾರಿ ಬಂದಿದೆ: ಡಿಕ್ಕಿಯ ಸಂವೇಗದಲ್ಲಿ ಒಮ್ಮೆ, ಸೆಕೆಂಡಿಗೆ ಎಷ್ಟು ಡಿಕ್ಕಿ ಎಂಬುದರಲ್ಲಿ ಇನ್ನೊಮ್ಮೆ. ವೇಗ ಹೆಚ್ಚಿದರೆ ಪೆಟ್ಟೂ ಗಟ್ಟಿಯಾಗುತ್ತದೆ, ಪೆಟ್ಟುಗಳ ಸಂಖ್ಯೆಯೂ ಹೆಚ್ಚುತ್ತದೆ. ಸೂತ್ರದಲ್ಲಿ ವೇಗದ ವರ್ಗ ಕಾಣಿಸುವುದು ಈ ಕಾರಣದಿಂದ. ಎಲ್ಲ ಅಣುಗಳ ವೇಗ ಒಂದೇ ಅಲ್ಲದ್ದರಿಂದ ವರ್ಗಗಳ ಸರಾಸರಿ ತೆಗೆದುಕೊಳ್ಳಬೇಕು. ಅಣುವಿನ ಪೂರ್ಣ ಜವದ ವರ್ಗವು ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ, ಮೇಲೆ-ಕೆಳಗೆ ಎಂಬ ಮೂರು ದಿಕ್ಕುಗಳ ವರ್ಗಗಳ ಮೊತ್ತ. ಮೂರೂ ಸರಾಸರಿಯಲ್ಲಿ ಸಮಾನವಾದ್ದರಿಂದ ಒಂದು ದಿಕ್ಕಿನ ಪಾಲು ಮೂರನೆಯ ಒಂದು. ಹೀಗೆ ಸಿಗುವ ಸಂಬಂಧ ಇದು:

ಒತ್ತಡ × ಗಾತ್ರ = ⅓ × ಅಣುಗಳ ಸಂಖ್ಯೆ × ಒಂದು ಅಣುವಿನ ದ್ರವ್ಯರಾಶಿ × ಜವದ ವರ್ಗದ ಸರಾಸರಿ

ಅಣುಗಳು ದಾರಿಯಲ್ಲಿ ಒಂದಕ್ಕೊಂದು ಬಡಿಯುವುದಿಲ್ಲವೇ, ಹಾಗಿದ್ದರೆ ಎದುರಿನ ಗೋಡೆಗೆ ಹೋಗಿ ಬರುವ ಲೆಕ್ಕ ಹೇಗೆ ನಿಲ್ಲುತ್ತದೆ ಎಂದು ಕೇಳುವ ವಿದ್ಯಾರ್ಥಿ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾನೆ. ಅಣುಗಳು ಬಡಿದುಕೊಳ್ಳುತ್ತವೆ, ಅದೂ ಎಡೆಬಿಡದೆ. ಆದರೆ ಪ್ರತಿ ಡಿಕ್ಕಿಯಲ್ಲಿಯೂ ಒಟ್ಟು ಸಂವೇಗ ಮತ್ತು ಒಟ್ಟು ಚಲನ ಶಕ್ತಿ ಉಳಿಯುತ್ತವೆ. ಸಮತೋಲದಲ್ಲಿರುವ ಅನಿಲದಲ್ಲಿ ಒಂದು ವೇಗವನ್ನು ಕಳೆದುಕೊಂಡ ಅಣುಗಳಷ್ಟೇ ಅಣುಗಳು ಬೇರೆ ಡಿಕ್ಕಿಗಳಿಂದ ಅದೇ ವೇಗವನ್ನು ಪಡೆಯುತ್ತಿರುತ್ತವೆ. ಗೋಡೆಗೆ ತಲುಪುವ ಅಣುಗಳ ಲೆಕ್ಕ ಬದಲಾಗುವುದಿಲ್ಲ. ಒತ್ತಡವನ್ನು ಹೀಗೆ ಕಣಗಳ ಬಡಿತದಿಂದ ವಿವರಿಸುವ ವಿಚಾರವನ್ನು ಡೇನಿಯಲ್ ಬರ್ನೂಲಿ 1738ರಲ್ಲಿಯೇ ಮುಂದಿಟ್ಟಿದ್ದರು. ಅದು ಭೌತಶಾಸ್ತ್ರದಲ್ಲಿ ನೆಲೆಯಾಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ತಾಪಮಾನದ ಅರ್ಥ

ಮೇಲಿನ ಊಹೆಗಳನ್ನು ಪೂರ್ತಿಯಾಗಿ ಪಾಲಿಸುವ ಅನಿಲವನ್ನು ಆದರ್ಶ ಅನಿಲ ಎನ್ನುತ್ತೇವೆ. ಪ್ರಯೋಗಗಳಿಂದ ತಿಳಿದ ಆದರ್ಶ ಅನಿಲದ ನಿಯಮವು ಒತ್ತಡ ಮತ್ತು ಗಾತ್ರಗಳ ಗುಣಲಬ್ಧವು ಅಣುಗಳ ಸಂಖ್ಯೆ, ಬೋಲ್ಟ್ಸ್‌ಮನ್ ಸ್ಥಿರಾಂಕ, ತಾಪಮಾನ ಈ ಮೂರರ ಗುಣಲಬ್ಧಕ್ಕೆ ಸಮ ಎನ್ನುತ್ತದೆ. ಇದನ್ನು ಮೇಲಿನ ಸಂಬಂಧದ ಪಕ್ಕದಲ್ಲಿಟ್ಟರೆ, ಒಂದು ಅಣುವಿನ ಸರಾಸರಿ ಚಲನ ಶಕ್ತಿ 3/2 × ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪಮಾನ ಎಂದು ಎರಡೇ ಸಾಲಿನಲ್ಲಿ ಸಿಗುತ್ತದೆ. ಈ ಫಲಿತಾಂಶದಲ್ಲಿ ಅನಿಲದ ಹೆಸರೇ ಇಲ್ಲ. 300 ಕೆಲ್ವಿನ್‌ನಲ್ಲಿ ಜಲಜನಕದ ಅಣುವಿಗೂ ಆಮ್ಲಜನಕದ ಅಣುವಿಗೂ ಸ್ಥಳಾಂತರ ಚಲನೆಯ ಸರಾಸರಿ ಶಕ್ತಿ ಒಂದೇ, 6.21 × 10⁻²¹ ಜೂಲ್. ದ್ರವ್ಯರಾಶಿ ಕಡಿಮೆ ಇರುವ ಅಣು ಅದೇ ಶಕ್ತಿಯಲ್ಲಿ ಹೆಚ್ಚು ಜವದಿಂದ ಓಡಬೇಕಾಗುತ್ತದೆ: ವರ್ಗಸರಾಸರಿಯ ವರ್ಗಮೂಲವಾದ ಆರ್‌ಎಂಎಸ್ ಜವವು ಸಾರಜನಕಕ್ಕೆ ಸೆಕೆಂಡಿಗೆ 517 ಮೀಟರ್, ಆಮ್ಲಜನಕಕ್ಕೆ 484, ಜಲಜನಕಕ್ಕೆ 1934. ಕೊನೆಯ ಎರಡರ ಅನುಪಾತ 4 ಎಂಬುದನ್ನು ಗಮನಿಸಿ. ದ್ರವ್ಯರಾಶಿಗಳ ಅನುಪಾತವಾದ 16ರ ವರ್ಗಮೂಲ ಅದು. 517ನ್ನು 3ರ ವರ್ಗಮೂಲದಿಂದ ಭಾಗಿಸಿದರೆ 298 ಬರುತ್ತದೆ; ಹಿಂದೆ ತೆಗೆದುಕೊಂಡ 300 ಇದೇ.

ಹಾಗಾದರೆ ಲೆಕ್ಕ ಸುತ್ತಿ ಬಂದು ಅಲ್ಲಿಗೇ ನಿಂತಂತಾಯಿತಲ್ಲ ಎಂದು ಅನ್ನಿಸಬಹುದು. ಅದಕ್ಕಾಗಿ ಇನ್ನೊಂದು ದಾರಿಯನ್ನೂ ಮಾಡಿ ನೋಡಿ. ಅಣುಗಳ ಸಂಖ್ಯೆ ಮತ್ತು ದ್ರವ್ಯರಾಶಿಗಳ ಗುಣಲಬ್ಧವನ್ನು ಗಾತ್ರದಿಂದ ಭಾಗಿಸಿದರೆ ಅದು ಅನಿಲದ ಸಾಂದ್ರತೆಯೇ. ಆದ್ದರಿಂದ ಜವದ ವರ್ಗದ ಸರಾಸರಿಯು ಒತ್ತಡದ ಮೂರು ಪಟ್ಟನ್ನು ಸಾಂದ್ರತೆಯಿಂದ ಭಾಗಿಸಿದಷ್ಟು. 300 ಕೆಲ್ವಿನ್‌ನಲ್ಲಿ ಸಾರಜನಕದ ಸಾಂದ್ರತೆ ಘನ ಮೀಟರಿಗೆ 1.14 ಕಿಲೋಗ್ರಾಂ. 3 × 1.013 × 10⁵ನ್ನು 1.14ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮತ್ತೆ ಸುಮಾರು 517. ಅಣುವಿನ ದ್ರವ್ಯರಾಶಿಯಾಗಲೀ ಸಂಖ್ಯೆಯಾಗಲೀ ಇಲ್ಲಿ ಬೇಕಾಗಲಿಲ್ಲ. ತಕ್ಕಡಿ ಮತ್ತು ವಾಯುಭಾರಮಾಪಕ ಇವೆರಡರಿಂದಲೇ ಅಣುಗಳ ಜವವನ್ನು ಕಂಡುಹಿಡಿಯಬಹುದೆಂಬುದು ಈ ಸಿದ್ಧಾಂತದ ಅತ್ಯಂತ ಸೊಗಸಾದ ಫಲ ಎಂದು ನಾನು ಭಾವಿಸುತ್ತೇನೆ.

ಈ ಭಾಗದಲ್ಲಿ ಅಂಕ ಕಳೆಯುವ ತಪ್ಪುಗಳು ಕೆಲವಿವೆ. ಮೋಲಾರ್ ದ್ರವ್ಯರಾಶಿಯನ್ನು (ಒಂದು ಮೋಲ್‌ನ ದ್ರವ್ಯರಾಶಿ) ಗ್ರಾಂನಲ್ಲಿಯೇ ಇಟ್ಟರೆ ಉತ್ತರ ಸುಮಾರು 32 ಪಟ್ಟು ಕಡಿಮೆ ಬರುತ್ತದೆ. ಸಾರಜನಕದ ಜವ 16 ಎಂದು ಬಂದರೆ ಕಾರಣ ಇದೇ. ಸರಾಸರಿ ಜವ ಮತ್ತು ಆರ್‌ಎಂಎಸ್ ಜವ ಬೇರೆ ಬೇರೆ: 300, 500, 700 ಎಂಬ ಮೂರು ಜವಗಳ ಸರಾಸರಿ 500, ಆದರೆ ವರ್ಗಗಳ ಸರಾಸರಿಯ ವರ್ಗಮೂಲ 526.

ತಾಪಮಾನವನ್ನು ಕೆಲ್ವಿನ್‌ಗೆ ಬದಲಿಸದೆ ಸೆಲ್ಸಿಯಸ್‌ನಲ್ಲಿಯೇ ಇಡುವ ತಪ್ಪು ಇನ್ನೂ ದೊಡ್ಡದು. ಬೆಳಿಗ್ಗೆ 27 ಡಿಗ್ರಿಯಲ್ಲಿ ಬೈಕಿನ ಟಯರಿಗೆ ಗಾಳಿ ಹಾಕಿಸಿದಾಗ ಮಾಪಕ 200 ಕಿಲೋಪ್ಯಾಸ್ಕಲ್ ತೋರಿಸಿತು, ಬಿಸಿಲಿನಲ್ಲಿ ದೂರ ಓಡಿಸಿದ ಮೇಲೆ ಟಯರಿನೊಳಗಿನ ಗಾಳಿ 57 ಡಿಗ್ರಿಗೆ ಏರಿತು, ಗಾತ್ರ ಬದಲಾಗಿಲ್ಲ ಎಂದುಕೊಳ್ಳಿ. 57ನ್ನು 27ರಿಂದ ಭಾಗಿಸಿದವರಿಗೆ ಒತ್ತಡ ಎರಡು ಪಟ್ಟಿಗೂ ಮೀರಿ ಏರಿದಂತೆ ಕಾಣುತ್ತದೆ. ಸರಿಯಾದ ಕ್ರಮ ಬೇರೆ. ಮಾಪಕವು ಹೊರಗಿನ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ ತೋರಿಸುವುದರಿಂದ ಮೊದಲು ವಾಯುಮಂಡಲದ ಸುಮಾರು 100 ಕಿಲೋಪ್ಯಾಸ್ಕಲನ್ನು ಕೂಡಿಸಬೇಕು; ನಿಜವಾದ ಒತ್ತಡ 300. ತಾಪಮಾನ 300 ಕೆಲ್ವಿನ್‌ನಿಂದ 330ಕ್ಕೆ ಏರಿದಾಗ ಒತ್ತಡ 330 ಆಗುತ್ತದೆ, ಮಾಪಕ 230 ತೋರಿಸುತ್ತದೆ.

ಇನ್ನೊಂದು ಪ್ರಶ್ನೆ ಪದೇ ಪದೇ ಬರುತ್ತದೆ: ಕೊಂಕಣ ರೈಲ್ವೆಯ ಗಾಡಿ ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಬೋಗಿಯೊಳಗಿನ ಗಾಳಿಯ ಅಣುಗಳಿಗೆಲ್ಲ ಸೆಕೆಂಡಿಗೆ 30 ಮೀಟರ್ ಹೆಚ್ಚುವರಿ ವೇಗ ಸೇರಿದೆಯಲ್ಲ, ಒಳಗಿನ ತಾಪಮಾನ ಏರಬೇಕಲ್ಲವೇ? ಏರುವುದಿಲ್ಲ. ತಾಪಮಾನಕ್ಕೆ ಸಂಬಂಧಿಸಿದ್ದು ಅಣುಗಳ ದಿಕ್ಕುತಪ್ಪಿದ ಚಲನೆ ಮಾತ್ರ. ಎಲ್ಲಕ್ಕೂ ಸಮಾನವಾದ ಒಟ್ಟು ಚಲನೆಯನ್ನು ಕಳೆದೇ ಲೆಕ್ಕ ಹಾಕಬೇಕು. ಆದರೆ ಉಷ್ಣ ಹೊರಹೋಗದ ಒಂದು ಮುಚ್ಚಿದ ಪೆಟ್ಟಿಗೆ ಅದೇ ವೇಗದಲ್ಲಿ ಹೋಗುತ್ತಿದ್ದು ಥಟ್ಟನೆ ನಿಂತರೆ, ಆ ಒಟ್ಟು ಚಲನೆಯ ಶಕ್ತಿ ಡಿಕ್ಕಿಗಳ ಮೂಲಕ ಎಲ್ಲ ದಿಕ್ಕುಗಳಿಗೂ ಹಂಚಿಹೋಗಿ ತಾಪಮಾನ ಏರುತ್ತದೆ. ಒಂದು ಮೋಲ್ ಗಾಳಿಗೆ ಆ ಶಕ್ತಿ ಸುಮಾರು 13 ಜೂಲ್. ಗಾಳಿಯ ಅಣುಗಳು ಓಡುವುದರ ಜೊತೆಗೆ ತಿರುಗುವುದರಿಂದ ಶಕ್ತಿಯ ಒಂದು ಪಾಲು ಆ ತಿರುಗಾಟಕ್ಕೂ ಹೋಗುತ್ತದೆ; ಒಂದು ಮೋಲ್ ಗಾಳಿಯ ತಾಪಮಾನವನ್ನು ಒಂದು ಕೆಲ್ವಿನ್ ಏರಿಸಲು 20.8 ಜೂಲ್ ಬೇಕಾಗುತ್ತದೆ, ಏರಿಕೆ 0.6 ಕೆಲ್ವಿನ್ ಮಾತ್ರ.

ಮಲ್ಲಿಗೆಯ ಕಂಪು ಏಕೆ ತಡವಾಗಿ ಬರುತ್ತದೆ

ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ಓಡುವುದು ನಿಜವಾದರೆ, ಕೋಣೆಯ ಒಂದು ಮೂಲೆಯಲ್ಲಿಟ್ಟ ಭಟ್ಕಳ ಮಲ್ಲಿಗೆಯ ಕಂಪು ಇನ್ನೊಂದು ಮೂಲೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪಬೇಕಿತ್ತು. ಇಂಥದೇ ಆಕ್ಷೇಪವನ್ನು ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1858ರಲ್ಲಿ ಎತ್ತಿದರು, ಅದಕ್ಕೆ ಉತ್ತರವಾಗಿ ಅದೇ ವರ್ಷ ರುಡಾಲ್ಫ್ ಕ್ಲಾಸಿಯಸ್ ಸರಾಸರಿ ಮುಕ್ತ ಪಥದ ಕಲ್ಪನೆಯನ್ನು ತಂದರು. ಎರಡು ಡಿಕ್ಕಿಗಳ ನಡುವೆ ಅಣು ಸರಾಸರಿ ಎಷ್ಟು ದೂರ ಹೋಗುತ್ತದೆ ಎಂಬುದೇ ಮುಕ್ತ ಪಥ. ಅಣುವಿನ ವ್ಯಾಸದ ವರ್ಗ, ಪೈ, 2ರ ವರ್ಗಮೂಲ, ಘನ ಮೀಟರಿನಲ್ಲಿರುವ ಅಣುಗಳ ಸಂಖ್ಯೆ ಇವುಗಳ ಗುಣಲಬ್ಧದಿಂದ 1ನ್ನು ಭಾಗಿಸಿದರೆ, ನಮ್ಮ ಪೆಟ್ಟಿಗೆಯಲ್ಲಿ ಅದು ಸುಮಾರು 6.7 × 10⁻⁸ ಮೀಟರ್. ಪ್ರತಿ ಅಣುವೂ ಸೆಕೆಂಡಿಗೆ ಸುಮಾರು 7 × 10⁹ ಬಾರಿ ಬಡಿದು ದಿಕ್ಕು ಬದಲಿಸುತ್ತದೆ.

ಪ್ರತಿ ಹೆಜ್ಜೆಗೂ ದಿಕ್ಕು ಬದಲಾಗುವ ನಡಿಗೆಯಲ್ಲಿ ಹೊರಟ ಜಾಗದಿಂದ ಆಗುವ ದೂರ ಹೆಜ್ಜೆಗಳ ಸಂಖ್ಯೆಗಲ್ಲ, ಆ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. 3 ಮೀಟರ್ ದಾಟಲು ನೇರ ದಾರಿಯಲ್ಲಿ 4.5 × 10⁷ ಹೆಜ್ಜೆ ಸಾಕು. ದಿಕ್ಕುಗೆಟ್ಟ ನಡಿಗೆಯಲ್ಲಿ ಅದರ ವರ್ಗ, ಅಂದರೆ 2 × 10¹⁵ ಹೆಜ್ಜೆ ಬೇಕು. ಸೆಕೆಂಡಿಗೆ 7 × 10⁹ ಹೆಜ್ಜೆಯಂತೆ ಅದಕ್ಕೆ ದಿನಗಳೇ ಹಿಡಿಯುತ್ತವೆ. ಇದು ಸ್ಥೂಲ ಲೆಕ್ಕ, ಆದರೂ ಅದರಿಂದ ಒಂದು ಮಾತು ಖಚಿತವಾಗುತ್ತದೆ: ಕಂಪು ಒಂದೆರಡು ನಿಮಿಷದಲ್ಲಿ ನಮಗೆ ತಲುಪುವುದು ಬಹುಪಾಲು ಕೋಣೆಯ ಗಾಳಿಯ ಅಲುಗಾಟದಿಂದ, ಅಣುಗಳ ಸ್ವಂತ ಅಲೆದಾಟದಿಂದಲ್ಲ.

ಸುತ್ತಲಿನ ಗಾಳಿಗೆ ಅನ್ವಯಿಸುವುದು

ಕುಮಟಾದಲ್ಲಿ ಕೊಂಡ ಆಲೂಗಡ್ಡೆ ಚಿಪ್ಸ್‌ನ ಪ್ಯಾಕೆಟ್ಟು ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರುವಷ್ಟರಲ್ಲಿ ಉಬ್ಬಿರುತ್ತದೆ. ಒಳಗಿನ ಅಣುಗಳ ಸಂಖ್ಯೆ ಬದಲಾಗಿಲ್ಲ, ಅವುಗಳ ಜವವೂ ಹೆಚ್ಚುಕಡಿಮೆ ಅಷ್ಟೇ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಒಂದು ಘನ ಮೀಟರಿನಲ್ಲಿರುವ ಗಾಳಿಯ ಅಣುಗಳು ಕಡಿಮೆ, ಪ್ಯಾಕೆಟ್ಟನ್ನು ಹೊರಗಿನಿಂದ ಬಡಿಯುವ ಡಿಕ್ಕಿಗಳೂ ಕಡಿಮೆ. ಹೊರಗಿನ ಒತ್ತಡ ಕರಾವಳಿಗಿಂತ ನೂರಕ್ಕೆ ಆರೇಳರಷ್ಟು ಇಳಿದಿರುತ್ತದೆ. ಶಿರಸಿಯ ಗಾಳಿ ತಂಪಾಗಿರುವುದರಿಂದ ಪ್ಯಾಕೆಟ್ಟಿನೊಳಗಿನ ಜವ ತಗ್ಗಬೇಕಲ್ಲವೇ ಎಂದರೆ, 300ರಲ್ಲಿ 4 ಕೆಲ್ವಿನ್ ಇಳಿದರೂ ಪರಿಣಾಮ ನೂರಕ್ಕೆ ಒಂದೂವರೆಯನ್ನು ಮೀರುವುದಿಲ್ಲ. ಎತ್ತರದ ಪರಿಣಾಮವೇ ಗೆಲ್ಲುತ್ತದೆ.

ಸೆಕೆಯ ದಿನ ಗಾಳಿ ಭಾರವಾಗಿದೆ ಎಂದು ಕರಾವಳಿಯಲ್ಲಿ ಎಲ್ಲರಿಗೂ ಅನ್ನಿಸುತ್ತದೆ, ಲೆಕ್ಕ ಅದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ. ತಾಪಮಾನ ಮತ್ತು ಒತ್ತಡ ಒಂದೇ ಇದ್ದರೆ ಒಂದು ಘನ ಮೀಟರಿನಲ್ಲಿರುವ ಅಣುಗಳ ಸಂಖ್ಯೆ ಅನಿಲ ಯಾವುದೇ ಆದರೂ ಒಂದೇ. ಆದ್ದರಿಂದ ನೀರಿನ ಆವಿಯ ಪ್ರತಿ ಅಣುವೂ ಗಾಳಿಯ ಒಂದು ಅಣುವಿನ ಸ್ಥಾನವನ್ನು ಪಡೆಯುತ್ತದೆ. ಮೋಲಾರ್ ದ್ರವ್ಯರಾಶಿ ಆವಿಗೆ 18 ಗ್ರಾಂ, ಒಣ ಗಾಳಿಗೆ ಸುಮಾರು 29 ಗ್ರಾಂ. 30 ಡಿಗ್ರಿಯಲ್ಲಿ ತೇವದಿಂದ ಪೂರ್ಣ ತುಂಬಿದ ಗಾಳಿಯಲ್ಲಿ ನೂರಕ್ಕೆ ಸುಮಾರು ನಾಲ್ಕು ಅಣುಗಳು ನೀರಿನವು. ಅಂಥ ಗಾಳಿ ಒಣ ಗಾಳಿಗಿಂತ ನೂರಕ್ಕೆ ಒಂದೂವರೆಯಷ್ಟು ಹಗುರ. ಸೆಕೆಯ ಸಂಕಟಕ್ಕೆ ಬೆವರು ಆರದಿರುವುದು ಕಾರಣ, ಗಾಳಿಯ ಭಾರವಲ್ಲ.

ಆರುವಿಕೆಯನ್ನು ಅರಿಯಲು ಮ್ಯಾಕ್ಸ್‌ವೆಲ್ 1860ರಲ್ಲಿ ಪ್ರಕಟಿಸಿದ ಜವಗಳ ಹಂಚಿಕೆಯ ನಿಯಮ ನೆರವಾಗುತ್ತದೆ. ಯಾವ ತಾಪಮಾನದಲ್ಲಿಯೂ ಕೆಲವು ಅಣುಗಳು ಸರಾಸರಿಗಿಂತ ಬಹಳ ಹೆಚ್ಚು ಶಕ್ತಿ ಹೊಂದಿರುತ್ತವೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ನೀರು ಎಂದೂ ಕುದಿಯುವುದಿಲ್ಲ; ಆದರೂ ಮೇಲ್ಪದರದಲ್ಲಿರುವ ಶಕ್ತಿವಂತ ಅಣುಗಳು ನೆರೆಯ ಅಣುಗಳ ಸೆಳೆತವನ್ನು ಮೀರಿ ಹೊರಬೀಳುತ್ತಲೇ ಇರುತ್ತವೆ, ಉಳಿದ ನೀರು ತಂಪಾಗುತ್ತದೆ, ಬಿಸಿಲು ಆ ಶಕ್ತಿಯನ್ನು ಮತ್ತೆ ತುಂಬುತ್ತದೆ.

ಇಲ್ಲಿ ‘ಸೆಳೆತ’ ಎಂದ ಕೂಡಲೇ ಆದರ್ಶ ಅನಿಲದ ಗಡಿಯನ್ನು ದಾಟಿದ್ದೇವೆ. ಅಡುಗೆಮನೆಯ 14.2 ಕಿಲೋಗ್ರಾಂ ಸಿಲಿಂಡರಿನ ಲೆಕ್ಕಕ್ಕೆ ಆದರ್ಶ ಅನಿಲದ ನಿಯಮವನ್ನು ನೇರವಾಗಿ ಹಚ್ಚಬಾರದು, ಏಕೆಂದರೆ ಅದರಲ್ಲಿರುವುದರ ಬಹುಪಾಲು ದ್ರವ. ಅಣುಗಳು ಅಲ್ಲಿ ಒಂದಕ್ಕೊಂದು ಅಂಟಿಕೊಳ್ಳುವಷ್ಟು ಹತ್ತಿರವಿದ್ದು, ಗಾತ್ರವನ್ನೂ ಸೆಳೆತವನ್ನೂ ಕಡೆಗಣಿಸುವ ಎರಡೂ ಊಹೆಗಳು ಮುರಿಯುತ್ತವೆ. ಅನಿಲ ಖರ್ಚಾದಂತೆ ದ್ರವ ಆವಿಯಾಗುವುದರಿಂದ, ತಾಪಮಾನ ಸ್ಥಿರವಾಗಿದ್ದರೆ, ದ್ರವ ಮುಗಿಯುವವರೆಗೆ ಒತ್ತಡ ಬಹುತೇಕ ಹಾಗೆಯೇ ಇರುತ್ತದೆ. ಈ ಎರಡು ಊಹೆಗಳನ್ನು ತಿದ್ದುವ ಸಮೀಕರಣವನ್ನು ವಾನ್ ಡರ್ ವಾಲ್ಸ್ 1873ರಲ್ಲಿ ಕೊಟ್ಟರು.

ಅಭ್ಯಾಸಕ್ಕೆ ಒಂದು ಲೆಕ್ಕ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಮುಳುಗುಗಾರರೊಬ್ಬರು 20 ಮೀಟರ್ ಆಳದಲ್ಲಿ ಬಿಟ್ಟ ಗುಳ್ಳೆ ಮೇಲೇರುತ್ತಿದೆ. ನೀರಿನ ತಾಪಮಾನ ಎಲ್ಲೆಡೆ ಒಂದೇ ಎಂದುಕೊಳ್ಳಿ. ಸಮುದ್ರದ ನೀರಿನಲ್ಲಿ ಪ್ರತಿ 10 ಮೀಟರಿಗೆ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟು ಏರುವುದರಿಂದ 20 ಮೀಟರಿನಲ್ಲಿ ಅದು 3, 10 ಮೀಟರಿನಲ್ಲಿ 2, ಮೇಲ್ಮೈಯಲ್ಲಿ 1. ಗುಳ್ಳೆಯೊಳಗಿನ ಅಣುಗಳ ಸಂಖ್ಯೆಯೂ ಸರಾಸರಿ ಚಲನ ಶಕ್ತಿಯೂ ಬದಲಾಗದ ಕಾರಣ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಸ್ಥಿರ. ಆದ್ದರಿಂದ ಮೊದಲ 10 ಮೀಟರ್ ಏರಿಕೆಯಲ್ಲಿ ಗುಳ್ಳೆಯ ಗಾತ್ರ ಒಂದೂವರೆ ಪಟ್ಟಾಗುತ್ತದೆ, ಉಳಿದ 10 ಮೀಟರಿನಲ್ಲಿ ಅದು ಮತ್ತೆ ಎರಡು ಪಟ್ಟಾಗುತ್ತದೆ. ಮುಳುಗುಗಾರರು ಮೇಲೇರುವಾಗ ಉಸಿರು ಕಟ್ಟಬಾರದೆಂದು, ಮೇಲ್ಮೈ ಸಮೀಪಿಸಿದಂತೆ ಇನ್ನೂ ನಿಧಾನವಾಗಿ ಏರಬೇಕೆಂದು ತರಬೇತಿಯಲ್ಲಿ ಹೇಳುವುದು ಶ್ವಾಸಕೋಶದ ಗಾಳಿಯೂ ಇದೇ ಅನುಪಾತದಲ್ಲಿ ಹಿಗ್ಗುವುದರಿಂದ.